ಒಂದೇ ದಿನದಲ್ಲಿ ಆಗ್ರಾ: ಅವ್ವನನ್ನು ಕರೆದುಕೊಂಡು ಹೋಗಬೇಕು. ಗೈಡ್ ಬೇಕಾ? ಯಾವುದು ಮೊದಲು ನೋಡೋದು?

ಗುಮ್ಮಟನಗರಿ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ ಈಗ 69. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲವೂ ವಿಜಯಪುರದಲ್ಲೇ. ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಾಣುವ ಮನೆ ನಮ್ಮದು. ಅವ್ವ ಓದಿದ್ದು ನಾಲ್ಕನೇ ಇಯತ್ತೆ, ಆದರೆ ಹಳೇ ಕಟ್ಟಡ ಅಂದರೆ ಜೀವ. ಊರಿಗೆ ಯಾರೇ ನೆಂಟರು ಬರಲಿ, ಇಬ್ರಾಹಿಂ ರೋಜಾಕ್ಕೆ ತಾನೇ ಕರೆದುಕೊಂಡು ಹೋಗಿ ಕಲ್ಲಿನಲ್ಲಿ ಅಕ್ಷರ ಕೊರೆದ ಕಿಟಕಿ ತೋರಿಸುತ್ತಾಳೆ. ಬಹಳ ವರ್ಷದಿಂದ ಅವಳದು ಒಂದೇ ಮಾತು: "ಒಮ್ಮೆ ತಾಜಮಹಲ ನೋಡಬೇಕವಾ."

ನವೆಂಬರ್ ಕೊನೆಗೆ ದೆಹಲಿಯಲ್ಲಿ ನೆಂಟರ ಮದುವೆ ಇದೆ. ಅದರ ನಡುವೆ ಆಗ್ರಾಕ್ಕೆ ಸಿಗುವುದು ಒಂದೇ ದಿನ. ಅವ್ವನಿಗೆ ಮೊಣಕಾಲು ನೋವು, ಹಿಂದಿ ಬರುವುದಿಲ್ಲ. ಮಥುರಾ, ವೃಂದಾವನ, ಆಗ್ರಾ ಕೋಟೆ, ತಾಜ್ ಎಲ್ಲ ಒಂದೇ ದಿನ ತೋರಿಸುವ ಬಸ್ಸುಗಳಿವೆ, ಅಗ್ಗವೂ ಇವೆ. ಹೋಗಬಹುದೇ? ಗೈಡ್ ಬೇಕೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕಾವೇರಿತೀರ

ಅಕ್ಕಾ, ಆ ಬಸ್ಸು ಬೇಡವೇ ಬೇಡ. ಎರಡು ವರ್ಷದ ಹಿಂದೆ ನಾವು ಅಂಥದ್ದರಲ್ಲೇ ಹೋಗಿದ್ದೆವು. ಬೆಳಗ್ಗೆ ಆರಕ್ಕೆ ಹತ್ತಿಸಿಕೊಂಡವರು ರಾತ್ರಿ ಒಂದಕ್ಕೆ ಇಳಿಸಿದರು. ತಾಜ್ ಒಳಗೆ ನಮಗೆ ಸಿಕ್ಕಿದ್ದು 55 ನಿಮಿಷ. ಅಮೃತಶಿಲೆ ಅಂಗಡಿಯಲ್ಲಿ ಕೂರಿಸಿದ್ದು ಒಂದೂವರೆ ಗಂಟೆ! ಅಪ್ಪ ಸಮಾಧಿಯ ಜಗಲಿ ಹತ್ತಿ ಬಾಗಿಲವರೆಗೆ ಹೋಗಿದ್ದರು, ಅಷ್ಟರಲ್ಲಿ ಫೋನ್, "ಬಸ್ ಹೊರಡ್ತಿದೆ" ಅಂತ. ಒಳಗೆ ನೋಡದೆಯೇ ಓಡಿ ಬಂದರು. ಅಪ್ಪ ಈಗಿಲ್ಲ. ಆ ದಿನ ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ. ದುಡ್ಡು ನಾಲ್ಕು ಹೆಚ್ಚಾದರೂ ಬೇರೆ ಕಾರು ಮಾಡಿಕೊಳ್ಳಿ.

ದಿಲ್ಲಿ_ಕನ್ನಡಿಗ

18 ವರ್ಷದಿಂದ ಇಲ್ಲಿದ್ದೇನೆ. ಊರಿಂದ ಬಂದವರನ್ನು ಆಗ್ರಾಕ್ಕೆ ಕರೆದುಕೊಂಡು ಹೋದದ್ದಕ್ಕೆ ಲೆಕ್ಕವಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ವಾರ ನೋಡಿಕೊಳ್ಳಿ. ಶುಕ್ರವಾರ ತಾಜ್ ಮುಚ್ಚಿರುತ್ತದೆ. ದೆಹಲಿಯ ಕೆಂಪು ಕೋಟೆಗೆ ಸೋಮವಾರ ರಜೆ. ಎಷ್ಟೋ ಜನ ಇವೆರಡನ್ನೂ ಅದಲುಬದಲು ಮಾಡಿಕೊಂಡು ಕಷ್ಟಪಡುತ್ತಾರೆ.

ರೈಲಿನಲ್ಲಾದರೆ ಗತಿಮಾನ್ ಎಕ್ಸ್‌ಪ್ರೆಸ್ ಇದೆ. ಬೆಳಗ್ಗೆ 8ರ ಸುಮಾರಿಗೆ ಹಜರತ್ ನಿಜಾಮುದ್ದೀನ್ ಬಿಟ್ಟು 10ರೊಳಗೆ ಆಗ್ರಾ ಕಂಟೋನ್ಮೆಂಟ್ ಮುಟ್ಟಿಸುತ್ತದೆ, ಸಂಜೆ ಆರರ ಹೊತ್ತಿಗೆ ಅದೇ ರೈಲಿಗೆ ವಾಪಸ್. ಅದೂ ಶುಕ್ರವಾರ ಓಡುವುದಿಲ್ಲ. ಕಾರಾದರೆ ಯಮುನಾ ಎಕ್ಸ್‌ಪ್ರೆಸ್‌ವೇ, ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ 165 ಕಿ.ಮೀ. ಹಿರಿಯರಿದ್ದಾರೆ ಅಂದ ಮೇಲೆ ನನ್ನ ಆಯ್ಕೆ ಕಾರೇ. ಬೇಕಾದಲ್ಲಿ ನಿಲ್ಲಿಸಬಹುದು, ನಡುವೆ ಕಾಲು ಚಾಚಿ ಮಲಗಬಹುದು. ಡಿಸೆಂಬರ್ ನಡುವಿನಿಂದ ಜನವರಿವರೆಗೆ ಮಂಜು ವಿಪರೀತ. ಬೆಳಗಿನ ಹೊತ್ತು ಹತ್ತು ಮಾರು ದೂರದ ಗುಮ್ಮಟವೂ ಕಾಣದ ದಿನಗಳುಂಟು. ನೀವು ನವೆಂಬರಿನಲ್ಲೇ ಬರುತ್ತಿರುವುದು ಒಳ್ಳೆಯದಾಯಿತು.

ತಾಜ್‌ಗೆ ಪೂರ್ವದ ಬಾಗಿಲಿನಿಂದ ಹೋಗಿ. ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಹತ್ತಿರ ಬಿಡುವುದಿಲ್ಲ. ಶಿಲ್ಪಗ್ರಾಮದಲ್ಲಿ ಕಾರು ನಿಲ್ಲಿಸಿದರೆ ಅಲ್ಲಿಂದ ಬಾಗಿಲವರೆಗೆ ಬ್ಯಾಟರಿ ಗಾಡಿ ಇದೆ. ಗಾಲಿಕುರ್ಚಿಯೂ ಸಿಗುತ್ತದೆ, ಕೇಳಲು ಸಂಕೋಚ ಬೇಡ. ಟಿಕೆಟ್ 50 ರೂಪಾಯಿ, ಸಮಾಧಿಯ ಜಗಲಿ ಹತ್ತಲು ಇನ್ನೂ 200. ಆ 200 ಉಳಿಸಲು ಹೋಗಬೇಡಿ, ಒಳಗೆ ನೋಡದೆ ಬಂದರೆ ತಾಜ್ ನೋಡಿದಂತೆ ಆಗುವುದಿಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಮ್ಮೆ ಒಳಗೆ ಹೋದರೆ ಮೂರು ಗಂಟೆ ಇರಬಹುದು. ತಿಂಡಿ, ಎಲೆ-ಅಡಿಕೆ, ದೊಡ್ಡ ಚೀಲ ಯಾವುದನ್ನೂ ಒಳಗೆ ಬಿಡುವುದಿಲ್ಲ, ಎಲ್ಲ ಕಾರಿನಲ್ಲೇ ಇಡಿ.

ಗೈಡ್ ಬೇಕು, ಆದರೆ ರಸ್ತೆಯಲ್ಲಿ ಬೆನ್ನು ಹತ್ತುವವರು ಬೇಡ. ಸರ್ಕಾರದ ಪರವಾನಗಿ ಇದ್ದವರು ಕೊರಳಲ್ಲಿ ಫೋಟೋ ಇರುವ ಗುರುತಿನ ಚೀಟಿ ಹಾಕಿಕೊಂಡಿರುತ್ತಾರೆ. ಹೊರಡುವ ಮೊದಲೇ ದರ ಮಾತಾಡಿ, ಜೊತೆಗೆ "ಯಾವ ಅಂಗಡಿಗೂ ಹೋಗುವುದಿಲ್ಲ" ಅಂತ ಖಂಡಿತವಾಗಿ ಹೇಳಿ. ಅಂಗಡಿಯ ಕಮಿಷನ್ ಮೇಲೆಯೇ ಗಿರಾಕಿ ಹಿಡಿಯುವವರು ಈ ಮಾತು ಕೇಳಿದ ಕೂಡಲೇ ತಾವಾಗಿಯೇ ದೂರ ಸರಿಯುತ್ತಾರೆ.

ಹೊರನಾಡ_ಹಕ್ಕಿ

ನಾನು ಇದನ್ನು ಒಪ್ಪುವುದಿಲ್ಲ. ಹೋದ ವರ್ಷ ಅಮೆರಿಕದಿಂದ ಬಂದಾಗ ನಮಗೆ ಸಿಕ್ಕ ಗೈಡ್ ಹೇಳಿದ್ದೆಲ್ಲ ಕಟ್ಟುಕಥೆ. ಕೆಲಸಗಾರರ ಕೈ ಕತ್ತರಿಸಿದರಂತೆ, ನದಿಯಾಚೆ ಕಪ್ಪು ತಾಜ್ ಕಟ್ಟಲು ಹೊರಟಿದ್ದನಂತೆ, ಹೆಬ್ಬಾಗಿಲ ಮೇಲಿನ 22 ಪುಟ್ಟ ಗುಮ್ಮಟ ಅಂದರೆ 22 ವರ್ಷದ ಕೆಲಸವಂತೆ. ಮನೆಯಲ್ಲೇ ಒಂದು ಒಳ್ಳೆಯ ಪುಸ್ತಕ ಓದಿಕೊಂಡು ಸುಮ್ಮನೆ ನೋಡಿ ಬರುವುದು ಸಾವಿರ ಪಾಲು ಮೇಲು.

ನಮ್ಮಂಥವರಿಗೆ ಒಂದು ಉಪಯೋಗದ ಮಾತು: ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಚೀಟಿ) ಇದ್ದರೆ ಭಾರತೀಯರ ದರವೇ. ಮೂಲ ಕಾರ್ಡ್ ಕೈಯಲ್ಲಿರಲಿ. ಕಾರ್ಡ್ ಇಲ್ಲದ ವಿದೇಶಿಯರಿಗೆ 1,100, ಮೇಲೆ ಆ 200 ಬೇರೆ.

ಸಿರಾ_ಮೇಷ್ಟ್ರು

ಹಕ್ಕಿಯವರು ಹೇಳಿದ ಕಥೆಗಳಿಗೆ ಆಧಾರವಿಲ್ಲ, ನಿಜ. ಕೈ ಕತ್ತರಿಸಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ನದಿಯಾಚೆಯ ಮೆಹ್ತಾಬ್ ಬಾಗ್‌ನಲ್ಲಿ ಅಗೆದು ನೋಡಿದಾಗ ಸಿಕ್ಕ "ಕಪ್ಪು" ಕಲ್ಲುಗಳು ಕಾಲಾಂತರದಲ್ಲಿ ಬಣ್ಣಗೆಟ್ಟ ಬಿಳಿಯ ಕಲ್ಲುಗಳು. ಅಲ್ಲಿದ್ದದ್ದು ಬೆಳದಿಂಗಳ ತೋಟ ಮತ್ತು ದೊಡ್ಡ ಕೊಳ. ಆದರೆ ಅದಕ್ಕಾಗಿ ಗೈಡೇ ಬೇಡ ಅನ್ನಬಾರದು. ಅವ್ವನವರಿಗೆ ಪುಸ್ತಕ ಓದಿಕೊಂಡು ಹೋಗುವ ದಾರಿಯಿಲ್ಲ, ಪಕ್ಕದಲ್ಲಿ ನಿಂತು "ಇಗೋ ಇಲ್ಲಿ ನೋಡಿ" ಎನ್ನುವವರು ಬೇಕು.

ನನ್ನ ಒತ್ತಾಯ ಒಂದೇ. ಯಾವುದು ಮೊದಲು ಅಂತ ಕೇಳಿದಿರಲ್ಲ, ಅದೇ ಸರಿಯಾದ ಪ್ರಶ್ನೆ. ತಾಜ್ ಕೊನೆಗಿರಲಿ.

ಕಾರಣ ಹೇಳುತ್ತೇನೆ. ದೆಹಲಿಯ ಹುಮಾಯೂನ್ ಸಮಾಧಿ 1570ರ ಸುಮಾರಿಗೆ ಮುಗಿಯಿತು. ನಾಲ್ಕು ಪಾಲಾದ ತೋಟ, ಎತ್ತರದ ಜಗಲಿ, ಜೋಡುಪದರದ ಬಿಳಿ ಗುಮ್ಮಟ ಅಲ್ಲಿವೆ. ಸಿಕಂದ್ರಾದಲ್ಲಿ ಅಕ್ಬರನ ಸಮಾಧಿ 1613ರಲ್ಲಿ ಮುಗಿದದ್ದು. ಅದಕ್ಕೆ ಗುಮ್ಮಟವಿಲ್ಲ, ಆದರೆ ಹೆಬ್ಬಾಗಿಲ ಮೇಲೆ ನಾಲ್ಕು ಬಿಳಿ ಮಿನಾರುಗಳು ಎದ್ದು ನಿಂತಿವೆ. ಆ ಬಾಗಿಲಿಗೆ ಅಕ್ಷರ ಬರೆದ ಅಮಾನತ್ ಖಾನನೇ ಮುಂದೆ ತಾಜ್‌ನ ಗೋಡೆಗಳಿಗೂ ಬರೆದ. ಮೂರನೆಯದು ಯಮುನೆಯ ಆಚೆ ದಡದ ಇತ್ಮಾದ್-ಉದ್-ದೌಲಾನ ಸಮಾಧಿ. ಜಹಾಂಗೀರನ ಹೆಂಡತಿ ನೂರ್‌ಜಹಾನ್ ತನ್ನ ತಂದೆಯಾದ ಅವನಿಗಾಗಿ 1622ರಿಂದ 1628ರವರೆಗೆ ಕಟ್ಟಿಸಿದ್ದು. ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸುವ ಪರ್ಚಿನ್‌ಕಾರಿ ಕೆಲಸ ಕಟ್ಟಡದ ಮೈತುಂಬ ಹರಡಿದ್ದು ಅಲ್ಲಿ. ಗುಮ್ಮಟ ಒಂದು ಕಡೆ, ಮಿನಾರು ಒಂದು ಕಡೆ, ಹೂಬಳ್ಳಿ ಇನ್ನೊಂದು ಕಡೆ. ಇವನ್ನೆಲ್ಲ ನೋಡಿಕೊಂಡು ತಾಜ್ ಮುಂದೆ ನಿಂತರೆ, ಮೂರು ತಲೆಮಾರಿನ ಕೈಗಳು ಒಂದೇ ಕಡೆ ಸೇರಿದ್ದು ಕಣ್ಣಿಗೆ ಬೀಳುತ್ತದೆ. ತಾಜ್ ಮೊದಲೇ ನೋಡಿಬಿಟ್ಟರೆ ಉಳಿದವೆಲ್ಲ ಸಪ್ಪೆಯಾಗುತ್ತವೆ. ನಾಲ್ಕನ್ನೂ ಒಂದೇ ದಿನ ನೋಡಬೇಡಿ. ಹುಮಾಯೂನ್ ಸಮಾಧಿಯನ್ನು ಹಿಂದಿನ ದಿನ ದೆಹಲಿಯಲ್ಲೇ ನೋಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ಬಂದರೆ ಯಮುನೆಯ ಪೂರ್ವ ದಡಕ್ಕೇ ಇಳಿಯುತ್ತೀರಿ, ಇತ್ಮಾದ್-ಉದ್-ದೌಲಾ ಅದೇ ದಡದಲ್ಲಿದೆ. ಮಂಡಿ ನೋವಿರುವಾಗ ಸಿಕಂದ್ರಾ, ಫತೇಪುರ್ ಸಿಕ್ರಿ ಎರಡನ್ನೂ ಬಿಟ್ಟುಬಿಡಿ. ಸಿಕ್ರಿ ಆಗ್ರಾದಿಂದ ಮತ್ತೆ 37 ಕಿ.ಮೀ., ಬುಲಂದ್ ದರ್ವಾಜಾದ ಮೆಟ್ಟಿಲು ಅವ್ವನವರಿಗೆ ಆಗದು.

ಇನ್ನೊಂದು ಸಂಗತಿ ವಿಜಯಪುರದವರಿಗೆ ಹೇಳಲೇಬೇಕು. ಮುಮ್ತಾಜ್ ತೀರಿಕೊಂಡದ್ದು 1631ರಲ್ಲಿ, ಆಗ್ರಾದಲ್ಲಲ್ಲ, ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ. ಷಹಜಹಾನ್ ಆಗ ದಖ್ಖನ್ ದಂಡಯಾತ್ರೆಗಾಗಿ ಅಲ್ಲಿ ಬೀಡುಬಿಟ್ಟಿದ್ದ. ಅದೇ ದಂಡಯಾತ್ರೆಯಲ್ಲಿ ಬಿಜಾಪುರಕ್ಕೆ ಮುತ್ತಿಗೆ ಹಾಕಿ ಗೆಲ್ಲಲಾಗದೆ ಹಿಂದಿರುಗಿದ ಅಸಫ್ ಖಾನ್ ಮುಮ್ತಾಜಳ ತಂದೆ. ಇತ್ಮಾದ್-ಉದ್-ದೌಲಾ ಆ ಅಸಫ್ ಖಾನನ ತಂದೆ, ಅಂದರೆ ಮುಮ್ತಾಜಳ ಅಜ್ಜ. ಆಗ್ರಾದಲ್ಲಿ ತಾಜ್ ಏಳುತ್ತಿದ್ದ ಕಾಲದಲ್ಲಿ ನಿಮ್ಮೂರಲ್ಲಿ ಮೊಹಮ್ಮದ್ ಆದಿಲ್ ಷಾ ಆಳುತ್ತಿದ್ದ. ಅವನು ಮಲಗಿರುವುದು ಗೋಳಗುಮ್ಮಟದಲ್ಲಿ. ನಮ್ಮ ಸಿರಾ ಮೊಗಲರ ಸುಬಾ (ಪ್ರಾಂತ) ಆದದ್ದು ಇದೆಲ್ಲ ಆಗಿ ಅರ್ಧ ಶತಮಾನದ ಮೇಲೆ, 1687ರಲ್ಲಿ.

ಉಳಿಸುತ್ತಿಗೆ

ನಮ್ಮದು ಕಲ್ಲುಕೆಲಸದ ಮನೆತನ. ಅಂಗಡಿ ವಿಷಯ ಬಂತಲ್ಲ, ಎರಡು ಮಾತು.

ತಾಜ್‌ನ ಕಲ್ಲು ರಾಜಸ್ಥಾನದ ಮಕ್ರಾನದ್ದು. ಅಂಗಡಿಯಲ್ಲಿ "ಮಕ್ರಾನ" ಎಂದು ಮಾರುವ ಸಣ್ಣ ತಾಜ್, ಡಬ್ಬಿ, ಆನೆ ಎಷ್ಟೋ ಸಲ ಬಳಪದ ಕಲ್ಲಿನವು. ಬೇಲೂರು, ಹಳೇಬೀಡಿನ ಗುಡಿಗಳ ಜಾತಿಯದೇ ಕಲ್ಲು. ಅದರಲ್ಲಿ ಹೊಯ್ಸಳರ ಕುಸುರಿ ಅರಳಿದ್ದೇ ಅದು ಮೆತ್ತಗಿರುವುದರಿಂದ. ಹಾಗಾಗಿ ಬಳಪದ ಕಲ್ಲಿನ ಮೇಲೆ ನನಗೆ ಗೌರವ ಇದೆ, ಅದನ್ನು ಅಮೃತಶಿಲೆ ಅಂತ ಮಾರುವುದರ ಮೇಲೆ ಸಿಟ್ಟಿದೆ. ಅಡಿಯಲ್ಲಿ ಕಾಣದ ಕಡೆ ಉಗುರಿನಿಂದ ಗೀರಿ ನೋಡಿ. ಪುಡಿ ಬಂದರೆ ಅದು ಅಮೃತಶಿಲೆಯಲ್ಲ.

ಪರ್ಚಿನ್‌ಕಾರಿ ಮಾಡುವವರನ್ನು ಕಂಡರೆ ಮಾತ್ರ ನಿಂತು ನೋಡಿ. ಅಮೃತಶಿಲೆಗೆ ಕೆಂಪು ಬಣ್ಣ ಬಳಿದು, ಅದರ ಮೇಲೆ ಗೆರೆ ಕೊರೆದು, ಕಾಳಿನಷ್ಟು ಕಲ್ಲನ್ನು ಸಾಣೆ ಚಕ್ರಕ್ಕೆ ಬೆರಳಲ್ಲೇ ಒತ್ತಿ ಹಿಡಿದು ದಳ ಮಾಡುತ್ತಾರೆ. ಒಂದು ಸಣ್ಣ ಹೂವಿಗೆ ಹತ್ತಾರು ಚೂರು. ಬೆರಳ ತುದಿ ಸವೆದು ಹೋಗಿರುತ್ತದೆ. ಅವರ ಹತ್ತಿರವೇ ಚಿಕ್ಕದೊಂದು ತಟ್ಟೆ ಕೊಂಡರೂ ಒಳ್ಳೆಯದೇ.

ಕಡಲತಡಿಯವ

ನಾವು ಮಂಗಳೂರಿನಿಂದ ಹೋದಾಗ ಗುಂಪಿನ ಆಯೋಜಕರು ಶುಕ್ರವಾರವೇ ಆಗ್ರಾಕ್ಕೆ ಕರೆದುಕೊಂಡು ಹೋಗಿಬಿಟ್ಟಿದ್ದರು. ಬಾಗಿಲ ಹತ್ತಿರ ಹೋದ ಮೇಲೆ ಗೊತ್ತಾದದ್ದು. ಮಕ್ಕಳೆಲ್ಲ ಅಳು. ಕೊನೆಗೆ ಆಟೋದವರೊಬ್ಬರು ಮೆಹ್ತಾಬ್ ಬಾಗ್‌ಗೆ ಕರೆದುಕೊಂಡು ಹೋದರು. ನದಿಯಾಚೆಯಿಂದ ತಾಜ್‌ನ ಬೆನ್ನು ಕಂಡಿತು. ಜನ ಕಡಿಮೆ, ಎದುರಿಗೆ ಯಮುನೆ. ಅಂಥ ದಿನದಲ್ಲಿ ಅದೇ ದೊಡ್ಡ ಸಮಾಧಾನ.

ಗುಮ್ಮಟನಗರಿ_ಮಗಳು

ಎಲ್ಲರಿಗೂ ಕೈಮುಗಿಯುತ್ತೇನೆ. ಮೇಷ್ಟ್ರು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. "ನಮ್ಮೂರಿಗೆ ಮುತ್ತಿಗಿ ಹಾಕಿದವನ ಅಪ್ಪನ ಗೋರಿ? ನಡಿ, ಅದನ್ನ ಮೊದಲ ನೋಡೂನು" ಅಂದಳು. ಕಾರು ಗೊತ್ತು ಮಾಡಿದ್ದೇವೆ, ಬುಧವಾರ. ಹೋಗಿ ಬಂದು ಬರೆಯುತ್ತೇನೆ.

ಗುಮ್ಮಟನಗರಿ_ಮಗಳು

ಹೋಗಿ ಬಂದೆವು. ತಡವಾಯಿತು, ಕ್ಷಮಿಸಿ. ಮದುವೆ ಮನೆಯಲ್ಲಿ ಬರೆಯಲು ಪುರುಸೊತ್ತೇ ಆಗಲಿಲ್ಲ.

ಮಂಗಳವಾರ ಸಂಜೆ ಹುಮಾಯೂನ್ ಸಮಾಧಿ ನೋಡಿದೆವು. ಅವ್ವ ಜಗಲಿ ಹತ್ತಲಿಲ್ಲ. ಕೆಳಗೆ ಕಲ್ಲುಬೆಂಚಿನ ಮೇಲೆ ಕುಳಿತು ಗುಮ್ಮಟ ನೋಡುತ್ತ, "ಬುಡ ಸಣ್ಣದೈತಿ, ನಮ್ಮದರಂಗ ಅಗಲ ಇಲ್ಲ" ಅಂದಳು.

ಬುಧವಾರ ಬೆಳಗ್ಗೆ ಐದೂವರೆಗೆ ಹೊರಟೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಾರಿನಲ್ಲೇ ಇದ್ದವು. ಒಂಬತ್ತಕ್ಕೆ ಇತ್ಮಾದ್-ಉದ್-ದೌಲಾ. ಪರವಾನಗಿಯ ಗೈಡ್ ಅಲ್ಲೇ ಕಾಯುತ್ತಿದ್ದರು, ಐವತ್ತರ ಆಸುಪಾಸಿನವರು. ಅಂಗಡಿ ಬೇಡ ಅಂದಾಗ ಮುಖ ಸಿಂಡರಿಸಲಿಲ್ಲ, "ಹಾಗಾದರೆ ಮಾತಾಜಿಗೆ ಸಮಯ ಜಾಸ್ತಿ ಸಿಗುತ್ತದೆ" ಅಂದರು. ಆಗಲೇ ನನಗೆ ಧೈರ್ಯ ಬಂತು.

ಅಲ್ಲಿ ನಮ್ಮನ್ನು ಬಿಟ್ಟರೆ ಹತ್ತಿಪ್ಪತ್ತು ಜನ ಅಷ್ಟೇ. ಅವ್ವ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಮುಟ್ಟಬಾರದೆಂದು ಕೈ ಹಿಂದೆ ಕಟ್ಟಿಕೊಂಡು, ಒಂದೊಂದೇ ಹೂದಾನಿ, ಒಂದೊಂದೇ ಸರುವೆ ಮರ ನೋಡಿದಳು. "ಬಣ್ಣ ಅಲ್ಲೇನ ಇದು?" ಅಂದಳು. ಕಲ್ಲು ಅಂತ ಹೇಳಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಕಸೂತಿ ಹಾಕಿದಂಗ ಐತವಾ. ಎಲ್ಲೂ ಗಂಟ ಕಾಣವಲ್ದು." ಅವ್ವ ಹದಿನಾರನೇ ವಯಸ್ಸಿನಿಂದ ಇಳಕಲ್ ಸೀರೆಗೆ ಕಸೂತಿ ಹಾಕಿದವಳು. ಇದನ್ನು ಹಿಂದಿಗೆ ತಿರುಗಿಸಿ ಗೈಡ್‌ಗೆ ಹೇಳಿದೆ. ಅವರು ತಮ್ಮ ಟಾರ್ಚ್ ತೆಗೆದು ಒಂದು ಕೆಂಪು ಕಲ್ಲಿನ ಮೇಲೆ ಹಿಡಿದರು. ಒಳಗೆ ಕೆಂಡ ಇಟ್ಟ ಹಾಗೆ ಬೆಳಗಿತು. ಅವ್ವ ಅವರ ಕೈಯಿಂದ ಟಾರ್ಚ್ ಇಸಕೊಂಡು ತಾನೇ ಇನ್ನೂ ನಾಲ್ಕು ಕಡೆ ಹಿಡಿದು ನೋಡಿದಳು.

ಅಲ್ಲಿಂದ ಆಗ್ರಾ ಕೋಟೆ. ಅದರ ಬಗ್ಗೆ ಹೆಚ್ಚು ಹೇಳಲಾರೆ. ಅಮರ್ ಸಿಂಗ್ ಬಾಗಿಲ ಒಳಗಿನ ಏರು ಮೊಣಕಾಲಿಗೆ ಬಹಳ ಕಷ್ಟ, ಇದನ್ನು ಹಿರಿಯರಿರುವ ಎಲ್ಲರೂ ಗಮನಿಸಿ. ಮೆಲ್ಲಗೆ, ಮೂರು ಕಡೆ ಕೂತು ಹತ್ತಿದೆವು. ನೇರವಾಗಿ ನದಿಯ ಕಡೆಯ ಖಾಸ್ ಮಹಲ್‌ಗೆ ಹೋಗಿ, ಷಹಜಹಾನ್ ಸೆರೆಯಲ್ಲಿದ್ದ ಮುಸಮ್ಮನ್ ಬುರ್ಜ್ ನೋಡಿದೆವು. ಬುರ್ಜಿನ ಒಳಗೆ ಬಿಡಲಿಲ್ಲ, ಪಕ್ಕದಿಂದ ತಾಜ್ ಕಂಡಿತು. 1658ರಿಂದ 1666ರಲ್ಲಿ ಸಾಯುವವರೆಗೆ ಅಲ್ಲೇ ಇದ್ದ, ಮಗಳು ಜಹಾನಾರಾ ಜೊತೆಗಿದ್ದು ನೋಡಿಕೊಂಡಳು ಅಂತ ಗೈಡ್ ಹೇಳಿದರು. ಅವ್ವ ನನ್ನ ಕೈ ಹಿಡಿದುಕೊಂಡಳು. ಏನೂ ಹೇಳಲಿಲ್ಲ.

ತಾಜ್‌ಗೆ ಹೋದದ್ದು ಎರಡೂವರೆಗೆ. ಹೆಬ್ಬಾಗಿಲ ಕತ್ತಲಲ್ಲಿ ಗೈಡ್ ನಮ್ಮನ್ನು ನಿಲ್ಲಿಸಿ, ಹಿಂದೆ ಸರಿಯಲು ಹೇಳಿದರು. ಹಿಂದೆ ಸರಿದಂತೆ ತಾಜ್ ದೊಡ್ಡದಾಗುತ್ತದೆ, ಮುಂದೆ ಹೋದಂತೆ ಚಿಕ್ಕದಾಗುತ್ತದೆ. ಬಾಗಿಲಿನ ಚೌಕಟ್ಟು ಕಣ್ಣಿಗೆ ಹಾಗೆ ಮಾಡುತ್ತದಂತೆ. ಹಕ್ಕಿಯವರೇ, ನಮ್ಮ ಗೈಡ್ ಕೈ ಕತ್ತರಿಸಿದ ಕಥೆಯನ್ನೂ ಹೇಳಿದರು. ಹೇಳಿ, "ಇದು ಜನರ ಮಾತು, ಬರಹದಲ್ಲಿ ಇಲ್ಲ" ಅಂತಲೂ ಹೇಳಿದರು.

ಒಳಗೆ ಹೋದಾಗ ನೂಕುನುಗ್ಗಲು. ಕಾವಲುಗಾರರು "ಮುಂದೆ ನಡೀರಿ" ಅನ್ನುತ್ತಲೇ ಇದ್ದರು. ಅಷ್ಟರಲ್ಲೇ ಅವ್ವ ಗೋರಿಗಳ ಸುತ್ತಲಿನ ಕಲ್ಲಿನ ಜಾಲಿಯ ಹತ್ತಿರ ನಿಂತು ಕೇಳಿದಳು, "ಎಲ್ಲಾ ಎರಡೂ ಕಡಿ ಸಮ ಮಾಡ್ಯಾರ. ಆ ದೊಡ್ಡ ಗೋರಿ ಒಂದ ಯಾಕ ಬಾಜೂಕ ಐತಿ?" ಅವಳಿಗೆ ಯಾರೂ ಹೇಳಿರಲಿಲ್ಲ. ಹೊರಗೆ ಬಂದ ಮೇಲೆ ಗೈಡ್‌ಗೆ ಈ ಪ್ರಶ್ನೆ ತಿಳಿಸಿದೆ. ಅವರು ನಿಂತುಬಿಟ್ಟರು. ನಟ್ಟನಡುವೆ ಇರುವುದು ಮುಮ್ತಾಜಳದು, ಷಹಜಹಾನನದು ಆಮೇಲೆ ಪಕ್ಕದಲ್ಲಿ ಇಟ್ಟದ್ದು, ಇಡೀ ತಾಜ್‌ನಲ್ಲಿ ಸಮತೂಕ ತಪ್ಪಿರುವುದು ಅದೊಂದೇ ಅಂತ ವಿವರಿಸಿದರು. ಮೇಲಿರುವುದು ಬರೀ ಗುರುತಿಗೆ, ನಿಜವಾದ ಗೋರಿಗಳು ಕೆಳಗಿನ ನೆಲಮನೆಯಲ್ಲಿವೆ ಅಂದಾಗ ಅವ್ವ, "ನಮ್ಮ ಗುಮ್ಮಟದಾಗೂ ಹಂಗ ಐತಿ. ಪಡುವಣ ಬಾಗಲದ ಕೆಳಗ ಪಾವಟಿಗಿ ಅದಾವ" ಅಂದಳು.

ಗೈಡ್ ಗೋಳಗುಮ್ಮಟದ ಹೆಸರು ಮಾತ್ರ ಕೇಳಿದ್ದರು, ನೋಡಿರಲಿಲ್ಲ. ಆಮೇಲೆ ಅರ್ಧ ಗಂಟೆ ಮಸೀದಿ ಕಡೆಯ ನೆರಳಿನಲ್ಲಿ ಕುಳಿತು ಅವ್ವನೇ ಅವರಿಗೆ ಹೇಳಿದಳು. ಒಂದೇ ಗುಮ್ಮಟ, ಒಳಗೆ ಒಂದೂ ಕಂಬ ಇಲ್ಲ. ಮೇಲಿನ ಪಡಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆ ಕಡೆ ಕಿವಿ ಹಚ್ಚಿದವರಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರಳಿ ಬರುತ್ತದೆ. ನಾನು ಒಂದೊಂದನ್ನೇ ಹಿಂದಿಯಲ್ಲಿ ಹೇಳುತ್ತ ಹೋದೆ. ಅವರು ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. ದಖ್ಖನ್ನಿನಿಂದ ಬಂದವರಿಗೆ ಇನ್ನು ಮೇಲೆ ಇದನ್ನೂ ಸೇರಿಸಿ ಹೇಳುತ್ತೇನೆ ಅಂದರು.

ಸಂಜೆ ಬಿಸಿಲು ಇಳಿದಾಗ ಬಿಳಿ ಕಲ್ಲು ಮೊದಲು ಬೆಣ್ಣೆ ಬಣ್ಣ, ಆಮೇಲೆ ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿತು. ಶಿಳ್ಳೆ ಊದಿ ಹೊರಗೆ ಕಳಿಸುವವರೆಗೂ ಅಲ್ಲೇ ಇದ್ದೆವು. ಮಧ್ಯಾಹ್ನವೇ ಒಳಗೆ ಹೋದದ್ದರಿಂದ ಮೂರು ಗಂಟೆ ಸರಿಯಾಗಿ ಸಾಕಾಯಿತು.

ಕಾವೇರಿತೀರ

ಓದುತ್ತ ಕಣ್ಣು ತುಂಬಿ ಬಂತು ಅಕ್ಕಾ. ಅವ್ವನವರು ಒಳಗೆ ಹೋಗಿ ನೋಡಿದರಲ್ಲ, ನನಗೆ ಅಷ್ಟೇ ಬೇಕಿತ್ತು.

ಹೊರನಾಡ_ಹಕ್ಕಿ

ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜನರ ಮಾತು ಯಾವುದು, ದಾಖಲೆ ಯಾವುದು ಅಂತ ಬೇರೆ ಮಾಡಿ ಹೇಳುವವರು ಸಿಕ್ಕರೆ ಗೈಡ್ ಬೇಕೇ ಬೇಕು. ಮುಂದಿನ ಸಲ ಮಕ್ಕಳನ್ನು ಕರೆತಂದಾಗ ಇದೇ ಕ್ರಮದಲ್ಲಿ ಹೋಗುತ್ತೇವೆ.

ಉಳಿಸುತ್ತಿಗೆ

"ಎಲ್ಲೂ ಗಂಟ ಕಾಣವಲ್ದು." ಪರ್ಚಿನ್‌ಕಾರಿ ಒಳ್ಳೆಯದೋ ಕೆಟ್ಟದೋ ಎಂದು ನೋಡುವುದೂ ಹಾಗೆಯೇ, ಉಗುರು ಓಡಿಸಿದರೆ ಎರಡು ಕಲ್ಲಿನ ನಡುವಿನ ಸಂದು ಸಿಗಬಾರದು. ಅವ್ವನವರಿಗೆ ನನ್ನ ನಮಸ್ಕಾರ ತಿಳಿಸಿ.

ಕಡಲತಡಿಯವ

ಪೇಠಾ ತಂದಿರಾ?

ಗುಮ್ಮಟನಗರಿ_ಮಗಳು

ತಂದೆವು, ಎರಡು ಡಬ್ಬಿ. ಬೂದುಗುಂಬಳಕಾಯಿಯದು ಅಂತ ಗೊತ್ತಾದ ಮೇಲೆ ಅವ್ವ, "ಕಾಶಿ ಹಲ್ವಾದ ಅಕ್ಕ-ತಂಗಿ" ಅಂದಳು. ಕೇಸರಿ ಹಾಕಿದ್ದು ಚೆನ್ನಾಗಿತ್ತು.

ಸಿರಾ_ಮೇಷ್ಟ್ರು

ಒಂದು ಕೇಳಲೇಬೇಕು. ತಾಜ್, ಇಬ್ರಾಹಿಂ ರೋಜಾ ಎರಡನ್ನೂ ಕಂಡವರು ಅವ್ವನವರು. ರೋಜಾದ ಕೆಲಸ ಶುರುವಾದದ್ದು ತಾಜ್‌ಗೆ ಅಡಿಗಲ್ಲು ಬೀಳುವ ಮೊದಲೇ. ಎರಡರಲ್ಲಿ ಅವರಿಗೆ ಯಾವುದು ಹಿಡಿಸಿತು?

ಗುಮ್ಮಟನಗರಿ_ಮಗಳು

ಮೇಷ್ಟ್ರೇ, ವಾಪಸ್ ಬರುವಾಗ ಕಾರಿನಲ್ಲಿ ನಾನೂ ಇದನ್ನೇ ಕೇಳಿದೆ. "ತಾಜಮಹಲ ನೋಡಾಕ ಚೆಂದ. ರೋಜಾದಾಗ ಕುಂದರಾಕ ಚೆಂದ" ಅಂದಳು. ಊರಿಗೆ ಬಂದ ಮಾರನೇ ದಿನವೇ ಪಕ್ಕದ ಮನೆಯವರನ್ನು ಕರೆದುಕೊಂಡು ರೋಜಾಕ್ಕೆ ಹೋಗಿದ್ದಳು. ನನ್ನ ಫೋನಿನ ಟಾರ್ಚ್ ಇಸಕೊಂಡು ಹೋಗಿ, ಆ ಅಕ್ಷರದ ಕಿಟಕಿಗಳಿಗೆ ಒಳಗಿನಿಂದ ಹಿಡಿದು ನೋಡಿದಳಂತೆ.

ದಿಲ್ಲಿ_ಕನ್ನಡಿಗ

ಫೆಬ್ರವರಿಯಲ್ಲಿ ಧಾರವಾಡದಿಂದ ನಮ್ಮ ಅತ್ತೆ-ಮಾವ ಬರುತ್ತಿದ್ದಾರೆ. ಆ ಗೈಡ್ ಅವರನ್ನು ಹೇಗೆ ಸಂಪರ್ಕಿಸಬೇಕು ಅಂತ ಸಂದೇಶದಲ್ಲಿ ತಿಳಿಸ್ತೀರಾ ಅಕ್ಕಾ? ಅವ್ವನವರು ಬರೆಸಿದ್ದು ಅವರ ಪುಸ್ತಕದಲ್ಲಿ ಇನ್ನೂ ಇದೆಯೋ ನೋಡಿಕೊಂಡು ಬರುತ್ತೇನೆ.